ಅರ್ಧ ವಾಕ್ಯದ ಪೋಸ್ಟರು

ಹೋದ ತಿಂಗಳು ಇಲ್ಲಿನ ಕನ್ನಡದವರ ಒಂದು ಊಟದಲ್ಲಿ, ಪತ್ರಿಕೋದ್ಯಮ ಓದುತ್ತಿರುವ ಇಬ್ಬರು ಹುಡುಗಿಯರು ನನ್ನ ಪಕ್ಕ ಬಂದು ಕೂತರು. “ಆಂಟಿ, ನೀವು ಟ್ವೆಂಟಿ ಫೈವ್ ಇಯರ್ಸ್ ಪೇಪರ್‌ಗೆ ಸಿನಿಮಾ ರಿವ್ಯೂ ಬರೆದ್ರಂತೆ. ಆರಾಮಾಗಿ ಸಿನಿಮಾ ನೋಡೋದು, ಬರೆಯೋದು. ಸೂಪರ್ ಜಾಬ್ ಅಲ್ವಾ?” ಎಂದು ಒಬ್ಬಳು ಕೇಳಿದಳು. ಇಬ್ಬರಿಗೂ ಇದೇ ಕೆಲಸಕ್ಕೆ ಬರುವ ಆಸೆ. ನಾನು ಏನೋ ಹೇಳಲು ಹೊರಟೆ, ಅಷ್ಟರಲ್ಲಿ ಪಾಯಸ ಬಂತು, ಮಾತು ಎತ್ತಲೋ ಹೋಯಿತು. ಮನೆಗೆ ಬಂದ ಮೇಲೂ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಚಿತ್ರೋತ್ಸವಕ್ಕೆ ಕಳಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ನಾನು ಮಾಡಿದ ಎರಡು ತಪ್ಪು ಮತ್ತು ಒಂದು ಜಗಳ ಇದೆ.

ನಾನು ಕುಂದಾಪುರದ ಕಡೆಯವಳು, ಹೆಸರು ಶಾಲಿನಿ. ಗಂಡನಿಗೆ ಸಿಂಗಪುರದ ಹಡಗು ರಿಪೇರಿ ಯಾರ್ಡಿನಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದೆವು. ಕಲ್ಲಾಂಗ್‌ನಲ್ಲಿ ಮನೆ ಮಾಡಿದೆವು. ನಾನು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿಕೊಂಡೆ. ಸೇರಿದ ಮರುವರ್ಷ ಸಿನಿಮಾ ಪುಟ ನೋಡಿಕೊಳ್ಳುತ್ತಿದ್ದಾಕೆ ಹೆರಿಗೆ ರಜೆಗೆ ಹೋದರು. ಪುರವಣಿಯ ಸಂಪಾದಕ ಲಿಮ್ ನನ್ನ ಮೇಜಿನ ಬಳಿ ಬಂದು, “ನಿನಗೆ ಸಿನಿಮಾ ಇಷ್ಟನಾ?” ಎಂದರು. “ಇಷ್ಟ” ಎಂದೆ. “ಮಂಗಳವಾರ ಬೆಳಗ್ಗೆ ಹತ್ತಕ್ಕೆ ಪತ್ರಿಕೆಯವರಿಗೆ ಒಂದು ಪ್ರಿವ್ಯೂ ಇದೆ, ಹೋಗು. ಸಂಜೆ ನಾಲ್ಕಕ್ಕೆ ನನಗೆ ಬರಹ ಬೇಕು.” ನನ್ನ ಸಂದರ್ಶನ ಅಷ್ಟೇ. ಹೆರಿಗೆ ರಜೆಗೆ ಹೋದಾಕೆ ಹಿಂತಿರುಗಿ ಬೇರೆ ವಿಭಾಗ ಕೇಳಿಕೊಂಡರು, ನಾನು ಅಲ್ಲೇ ಉಳಿದೆ.

ಮೊದಲ ತಪ್ಪು ಆ ವರ್ಷವೇ ಆಯಿತು. ಒಂದು ಪೊಲೀಸ್ ಸಿನಿಮಾ. ಅವತ್ತು ಪುಟ ಬೇಗ ಹೋಗಬೇಕಾಗಿತ್ತು. ನಾಯಕ ಗುಂಡೇಟು ತಿಂದು ಸಮುದ್ರಕ್ಕೆ ಬಿದ್ದ, ಹೆಂಡತಿ ದಂಡೆಯಲ್ಲಿ ನಿಂತು ಅತ್ತಳು. ಇನ್ನೇನು ಉಳಿದಿದೆ ಎಂದು ನಾನು ಎದ್ದು ಬಂದು, ‘ನಾಯಕನ ಸಾವು ಮನಕಲಕುತ್ತದೆ’ ಎಂದು ಬರೆದುಬಿಟ್ಟೆ. ಕೊನೆಯ ಐದು ನಿಮಿಷದಲ್ಲಿ ಆತ ಮೀನುಗಾರರ ದೋಣಿ ಹತ್ತಿ ಬದುಕಿ ಬಂದಿದ್ದ. ಸಿನಿಮಾ ಬಿಡುಗಡೆಯಾದ ಮರುದಿನ ಬೆಳಗ್ಗೆಯಿಂದ ಫೋನ್ ಬಡಿದುಕೊಳ್ಳತೊಡಗಿತು. ಲಿಮ್ ನನ್ನನ್ನು ಬೈಯಲಿಲ್ಲ. ಫೋನನ್ನು ಎತ್ತಿ ನನ್ನ ಮೇಜಿನ ಮೇಲೆ ಇಟ್ಟು, “ಇವತ್ತು ಬರೋ ಎಲ್ಲಾ ಕಾಲ್ ನೀನೇ ತಗೊಳ್ತೀಯ” ಎಂದರು. ತಗೊಂಡೆ. ಹೆಚ್ಚಿನವರು ನಕ್ಕರು, ಕೆಲವರು ರೇಗಿದರು. ಒಬ್ಬರು ಮಾತ್ರ ಮೆಲ್ಲಗೆ ಮಾತಾಡಿದರು. ಹೆಂಡತಿ ತೀರಿಕೊಂಡು ವರ್ಷವಾಗಿತ್ತಂತೆ. ಸಾವಿರುವ ಸಿನಿಮಾ ಬೇಡವೆಂದು ಮಗಳನ್ನು ಕರೆದುಕೊಂಡು ಹೋಗಲಿಲ್ಲವಂತೆ. “ಅವಳ ಫ್ರೆಂಡ್ಸ್ ಎಲ್ಲಾ ಹೋಗಿದ್ದರು. ಅವಳು ಮನೆಯಲ್ಲಿ ಕೂತಿದ್ದಳು” ಎಂದು ಹೇಳಿ, ನನ್ನ ಕ್ಷಮೆ ಕೇಳಿಸಿಕೊಂಡು ಫೋನ್ ಇಟ್ಟರು. ಅಂದಿನಿಂದ ನಿವೃತ್ತಿಯವರೆಗೆ ಕೊನೆಯ ಹೆಸರು ಹಾದುಹೋಗಿ ದೀಪ ಹತ್ತುವ ತನಕ ನಾನು ಕುರ್ಚಿ ಬಿಟ್ಟು ಎದ್ದವಳಲ್ಲ.

ಕೆಲಸದ ಬಗೆ ಎಷ್ಟು ಬದಲಾಯಿತೆಂದು ಸ್ವಲ್ಪ ಹೇಳಬೇಕು. ಆರಂಭದಲ್ಲಿ ಕತ್ತಲಲ್ಲೇ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆವು. ಒಂದು ಸಾಲಿನ ಮೇಲೆ ಇನ್ನೊಂದು ಹತ್ತಿಕೊಂಡಿರುತ್ತಿತ್ತು, ಹೊರಗೆ ಬಂದು ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಎಡಗೈ ಹೆಬ್ಬೆರಳನ್ನು ಹಾಳೆಯ ಮೇಲಿಟ್ಟು, ಒಂದೊಂದು ಸಾಲಿಗೂ ಸ್ವಲ್ಪ ಕೆಳಗೆ ಸರಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಆಮೇಲಾಮೇಲೆ ಬಾಗಿಲಲ್ಲೇ ನಮ್ಮ ಫೋನುಗಳನ್ನು ಚೀಲಕ್ಕೆ ಹಾಕಿ ಸೀಲ್ ಮಾಡತೊಡಗಿದರು. ಇಂಥ ದಿನ, ಇಂಥ ಹೊತ್ತಿನ ಮೊದಲು ಒಂದಕ್ಷರವೂ ಹೊರಗೆ ಹೋಗಬಾರದೆಂದು ಬರೆಸಿಕೊಳ್ಳತೊಡಗಿದರು. ಸಿನಿಮಾದ ಮೇಲೆ ಕಂಪನಿಗೆ ನಂಬಿಕೆ ಇದ್ದರೆ ಬಿಡುಗಡೆಗೆ ಒಂದು ವಾರ ಮೊದಲೇ ಬರೆಯಲು ಬಿಡುತ್ತಾರೆ. ಬಿಡುಗಡೆಯ ಬೆಳಗಿನವರೆಗೂ ಬಾಯಿ ಕಟ್ಟಿದರೆ ಒಳಗೇನೋ ಹುಳುಕಿದೆ ಎಂದರ್ಥ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ನೀವು ಗುರುತು ಹಾಕಿಕೊಳ್ಳಿ.

ನಾನು ಹೇಳಹೊರಟ ಸಿನಿಮಾಕ್ಕೂ ಹೀಗೇ ಬಿಡುಗಡೆಯ ಬೆಳಗಿನವರೆಗೆ ಬಾಯಿ ಕಟ್ಟಿದ್ದರು. ನಿವೃತ್ತಿಗೆ ಕೆಲವು ವರ್ಷ ಮುಂಚೆ ಬಂದ ಹಾಲಿವುಡ್ಡಿನ ಪ್ರೇಮದ ಹಾಸ್ಯಚಿತ್ರ ಅದು. ಹೆಸರು ಬೇಡ. ಅದರ ನಾಯಕ, ನಾಯಕಿ ಇಬ್ಬರೂ ದೊಡ್ಡ ತಾರೆಯರು. ನಾನು ಹೊಸದಾಗಿ ಮದುವೆಯಾದ ಕಾಲದಲ್ಲಿ ಆ ಜೋಡಿಯೆಂದರೆ ಹುಚ್ಚು. ಎಷ್ಟೋ ವರ್ಷದ ಮೇಲೆ ಮತ್ತೆ ಒಟ್ಟಿಗೆ ನಟಿಸುತ್ತಿದ್ದರು. ಕಥೆ ಸಣ್ಣದು. ಹಳೆಯ ದೀಪಸ್ತಂಭದ ಮನೆಯನ್ನು ದಲ್ಲಾಳಿಯೊಬ್ಬ ತಪ್ಪಾಗಿ ಇಬ್ಬರಿಗೂ ಮಾರಿರುತ್ತಾನೆ. ಕೋರ್ಟು ತೀರ್ಪು ಕೊಡುವ ತನಕ ಇಬ್ಬರೂ ಅಲ್ಲೇ ಇರುತ್ತಾರೆ, ಜಗಳವಾಡುತ್ತಾರೆ, ಮುಂದಿನದು ಎಲ್ಲರಿಗೂ ಗೊತ್ತು.

ಮಂಗಳವಾರ ಬೆಳಗ್ಗೆ ಪ್ರದರ್ಶನ. ನಾವು ಪತ್ರಿಕೆಯವರು ಹೋಗುವಷ್ಟರಲ್ಲಿ ಒಳ್ಳೆಯ ಸಾಲುಗಳೆಲ್ಲ ಇನ್‌ಸ್ಟಾಗ್ರಾಮಿನವರಿಂದ ತುಂಬಿದ್ದವು. ಅವರಿಗೆ ದೀಪಸ್ತಂಭದ ಆಕಾರದ ಡಬ್ಬಿಗಳಲ್ಲಿ ಪಾಪ್‌ಕಾರ್ನ್ ಕೊಟ್ಟಿದ್ದರು. ಸಿನಿಮಾ ಶುರುವಾಗಿ ಅರ್ಧ ಗಂಟೆಯಾದರೂ ಯಾಕೋ ಮನಸ್ಸು ತಾಗಲಿಲ್ಲ. ಮಾತು ಚುರುಕಾಗಿತ್ತು, ಕಡಲು ಚೆಂದವಿತ್ತು. ಏನು ಕಡಿಮೆ ಎಂದು ನೋಡುತ್ತಾ ಕೂತಾಗ ಹೊಳೆಯಿತು. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಕಾಣಿಸುತ್ತಲೇ ಇರಲಿಲ್ಲ. ಆತ ಮಾತಾಡುವಾಗ ಯಾರದೋ ಹೆಗಲು, ಆಕೆ ಮಾತಾಡುವಾಗ ಯಾರದೋ ಹಿಂದಲೆ. ಇಬ್ಬರಿಗೂ ಒಂದೇ ದಿನ ಬಿಡುವು ಸಿಗದೆ ಬೇರೆ ಬೇರೆಯಾಗಿ ಚಿತ್ರೀಕರಿಸಿ ಅಂಟಿಸಿದ ಹಾಗಿತ್ತು. ಅಲ್ಲಿಂದ ಮುಂದೆ ನಾನು ಸಿನಿಮಾ ನೋಡುವುದನ್ನು ಬಿಟ್ಟು ಚೌಕಟ್ಟು ಎಣಿಸತೊಡಗಿದೆ.

ಐದಕ್ಕೆ ಎರಡು ನಕ್ಷತ್ರ ಕೊಟ್ಟೆ. ಬರಹದ ಮುಖ್ಯ ಸಾಲು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ‘ಮನಸ್ಸು ತುಂಬುವ ಸಿನಿಮಾ ಆಗಬಹುದಿತ್ತು, ಈ ಇಬ್ಬರು ಒಮ್ಮೆಯಾದರೂ ಒಬ್ಬರ ಮುಖ ಒಬ್ಬರು ನೋಡಿದ್ದರೆ.’ ಅಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಕೈ ಚುರುಕಾಗಿತ್ತು, ಇನ್ನೊಂದು ಸಾಲು ಬಂತು: ‘ದೀಪಸ್ತಂಭಕ್ಕೂ ನಾಯಕಿಗೂ ವಯಸ್ಸಿನಲ್ಲಿ ಹೆಚ್ಚು ಅಂತರ ಕಾಣಲಿಲ್ಲ.’ ಲಿಮ್ ಓದಿ ಗಟ್ಟಿಯಾಗಿ ನಕ್ಕರು. ಆ ಸಾಲನ್ನೇ ದೊಡ್ಡ ಅಕ್ಷರದಲ್ಲಿ ಬರಹದ ನಡುವೆ ಹಾಕಿಸಿದರು. ನನಗೂ ಖುಷಿಯಾಯಿತು. ಗುರುವಾರ ಬೇರೆ ಬೇರೆ ದೇಶಗಳ ವಿಮರ್ಶೆಗಳೂ ಬಂದವು. ಬಹುಪಾಲು ಎಲ್ಲರೂ ಕೈಕೊಡವಿದ್ದರು. ನನ್ನ ಲೆಕ್ಕದಲ್ಲಿ ಆ ಸಿನಿಮಾದ ಕೆಲಸ ಮುಗಿದಿತ್ತು.

ಹತ್ತು ದಿನದ ಮೇಲೆ ನಮ್ಮ ಫ್ಲಾಟುಗಳ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ನೆಲಮಹಡಿಯ ತೆರೆದ ಜಾಗದಲ್ಲಿ, ಕಮಲಾಕ್ಷಿ ಆಂಟಿ ಸಿಕ್ಕರು. ಮೈಸೂರಿನವರು, ನಮಗಿಂತ ಮೂರು ಮಹಡಿ ಮೇಲೆ ಅವರ ಮನೆ. ಅವರ ಯಜಮಾನರು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದು ನಾಲ್ಕು ವರ್ಷವಾಗಿತ್ತು. ತಿಂಗಳಿಗೊಂದು ಶನಿವಾರ ಮಗಳು ಬಂದು ತಂದೆಯ ಬಳಿ ಕೂರುತ್ತಿದ್ದಳು. ಆಗ ಮಾತ್ರ ಆಂಟಿ ಒಬ್ಬರೇ ಹೊರಗೆ ಹೋಗಿ ಒಂದು ಸಿನಿಮಾ ನೋಡಿ ಬರುತ್ತಿದ್ದರು.

“ಶಾಲಿನಿ, ನಿಮ್ಮ ಮೇಲೆ ನನಗೆ ತುಂಬಾ ಬೇಜಾರು” ಎಂದರು.

“ಯಾಕೆ ಆಂಟಿ, ಏನಾಯ್ತು?”

“ತಿಂಗಳಿಗೆ ಮೂರೇ ಗಂಟೆ ನಂದು ಅಂತ ಇರೋದು. ಆ ದೀಪಸ್ತಂಭದ ಸಿನಿಮಾಗೆ ಹೋದೆ. ನೀವು ಅಷ್ಟು ಹೊಗಳಿದೀರ ಅಂತ ಹೋಗಿದ್ದು.”

“ನಾನು ಹೊಗಳಿಲ್ಲ ಆಂಟಿ. ಎರಡೇ ಸ್ಟಾರ್ ಕೊಟ್ಟಿದ್ದು.”

“ಪೇಪರ್ ಎಲ್ಲಿ ಓದಕ್ಕಾಗತ್ತೆ ನನಗೆ? ಪಾಯಾ ಲೆಬಾರ್ ಮಾಲ್‌ನಲ್ಲಿ ಪೋಸ್ಟರ್ ಇದೆಯಲ್ಲ. ‘ಮನಸ್ಸು ತುಂಬುವ ಸಿನಿಮಾ’ ಅಂತ ಹಾಕಿ ಕೆಳಗೆ ನಿಮ್ಮ ಹೆಸರೇ ಇದೆ. ನಮ್ಮ ಶಾಲಿನಿ ಸುಳ್ಳು ಬರೆಯಲ್ಲ ಅಂತ ಟಿಕೆಟ್ ಬುಕ್ ಮಾಡಿಸ್ದೆ.”

ಅವತ್ತೇ ಹೋಗಿ ನೋಡಿದೆ. ಎಸ್ಕಲೇಟರಿನ ಪಕ್ಕ ಆಳೆತ್ತರದ ಪೋಸ್ಟರು. ನನ್ನ ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿ, ‘ಆಗಬಹುದಿತ್ತು’ ಎಂಬುದನ್ನೂ ಬಿಟ್ಟು, ನನ್ನ ಹೆಸರು, ಪತ್ರಿಕೆಯ ಹೆಸರು ಹಾಕಿದ್ದರು. ಜನ ಅದನ್ನು ಓದುತ್ತಾ ಮೇಲೆ ಹೋಗುತ್ತಿದ್ದರು. ಫೋಟೊ ತೆಗೆದುಕೊಂಡು ನೇರ ಕಚೇರಿಗೆ ಹೋದೆ.

ಲಿಮ್ ಫೋಟೊ ನೋಡಿ ತುಟಿ ಓರೆ ಮಾಡಿದರು. “ಎಲ್ಲರೂ ಹೀಗೇ ಮಾಡ್ತಾರೆ. ಇನ್ನೆರಡು ವಾರಕ್ಕೆ ಸಿನಿಮಾನೇ ಹೊರಟುಹೋಗುತ್ತೆ. ಬಿಟ್ಟುಬಿಡು.”

“ಬಿಡಲ್ಲ ಬಾಸ್. ಅದನ್ನು ನಂಬಿ ಹೋದವರು ನಮ್ಮ ಬ್ಲಾಕಿನಲ್ಲೇ ಇದ್ದಾರೆ.”

“ವಿತರಕರು ನಮ್ಮನ್ನು ಪ್ರಿವ್ಯೂಗೆ ಕರೆಯೋದು ನಿಲ್ಲಿಸಿದರೆ?”

“ನಿಲ್ಲಿಸಲಿ. ಟಿಕೆಟ್ ತಗೊಂಡು ನೋಡ್ತೀನಿ.”

ವಿತರಕರಿಗೆ ಎರಡು ಮೇಲ್ ಬರೆದೆ. ಉತ್ತರ ಬರಲಿಲ್ಲ. ಮೂರನೆಯ ದಿನ ವಿತರಕರ ಕಚೇರಿಗೇ ಹೋಗಿ ಕೂತೆ. ಅಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದವಳು ಪ್ರಿಸಿಲ್ಲಾ. ಮೂವತ್ತೈದರ ಆಸುಪಾಸಿನ ಹೆಂಗಸು, ಹತ್ತು ವರ್ಷದಿಂದ ಪರಿಚಯ. ನನ್ನನ್ನು ಮುಕ್ಕಾಲು ಗಂಟೆ ಕಾಯಿಸಿ ಒಳಗೆ ಕರೆದಳು. ನಾನು ಫೋಟೊವನ್ನೂ ನನ್ನ ಬರಹವನ್ನೂ ಪಕ್ಕಪಕ್ಕ ಇಟ್ಟು, “ಈ ಪೋಸ್ಟರು ತೆಗೆಯಿರಿ. ಇಲ್ಲ, ಪೂರ್ತಿ ವಾಕ್ಯ ಹಾಕಿ” ಎಂದೆ.

ಅವಳು ಪೋಸ್ಟರಿನ ಫೋಟೊವನ್ನು ಮುಟ್ಟಲಿಲ್ಲ. ಬರಹವನ್ನು ತನ್ನ ಕಡೆ ತಿರುಗಿಸಿಕೊಂಡು, ದೊಡ್ಡ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟಳು.

“ಸಿನಿಮಾದ ಹೀರೊಗೆ ವಯಸ್ಸೆಷ್ಟು ಗೊತ್ತಾ ನಿಮಗೆ?”

“ಗೊತ್ತಿಲ್ಲ.”

“ಆಕೆಗಿಂತ ಒಂಬತ್ತು ವರ್ಷ ದೊಡ್ಡವನು. ಅವನ ಬಗ್ಗೆ ಏನು ಬರೆದಿದ್ದೀರಿ, ಓದಿ.”

ಓದಿದೆ. ‘ನೆರೆತ ಗಡ್ಡ ಆತನಿಗೆ ಒಪ್ಪುತ್ತದೆ’ ಎಂದಿತ್ತು.

“ಆ ವಿಷಯವೇ ಬೇರೆ, ಈ ವಿಷಯವೇ ಬೇರೆ” ಎಂದೆ. ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು.

“ಬೇರೆ ಬೇರೆನೇ. ನಮ್ಮದು ಕಾಗದ. ಎರಡು ವಾರಕ್ಕೆ ಕಿತ್ತು ಬಿಸಾಡ್ತೀವಿ. ನಿಮ್ಮ ಸಾಲು ನೆಟ್‌ನಲ್ಲಿ ಇದ್ದೇ ಇರುತ್ತೆ. ಆಕೆಯ ಹೆಸರು ಹುಡುಕಿದವರಿಗೆಲ್ಲ ಸಿಗುತ್ತೆ.” ಅಷ್ಟು ಹೇಳಿ ಎದ್ದಳು. “ಪೋಸ್ಟರ್ ವಿಷಯ ಮೇಲಿನವರನ್ನು ಕೇಳಿ ಹೇಳ್ತೀನಿ.”

ಎಂಆರ್‌ಟಿ ರೈಲಿನಲ್ಲಿ ಮನೆಗೆ ಬರುವಾಗ ಪ್ರಿಸಿಲ್ಲಾಳ ಮೇಲೆ ಸಿಟ್ಟು ಉಕ್ಕುತ್ತಿತ್ತು. ತನ್ನ ತಪ್ಪು ಮುಚ್ಚಿಕೊಳ್ಳಲು ನನ್ನದನ್ನು ಎತ್ತಿದಳು ಎಂದುಕೊಂಡೆ. ಅದು ನಿಜವೂ ಇರಬಹುದು. ಆದರೆ ಅವಳು ಎತ್ತಿದ್ದು ಸುಳ್ಳಲ್ಲವಲ್ಲ. ಆ ನಟಿಗಿಂತ ನಾನು ಒಂದು ವರ್ಷ ದೊಡ್ಡವಳು. ಪ್ರಿವ್ಯೂ ದಿನ ಒಳ್ಳೆಯ ಸಾಲುಗಳಲ್ಲಿ ಕೂತಿದ್ದ ಇನ್‌ಸ್ಟಾಗ್ರಾಮಿನ ಎಳೆಯರ ನಡುವೆ ನನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆ ಸಂಕಟವನ್ನು ನಾನು ಯಾರ ಮೇಲೋ ತೀರಿಸಿಕೊಂಡಿದ್ದೆ. ನಗಿಸುವ ಸಾಲು ಹೊಳೆದಾಗ ಅದು ಯಾರಿಗೆ ತಾಗುತ್ತದೆ ಎಂದು ನೋಡಿರಲಿಲ್ಲ.

ಶನಿವಾರ ಮಧ್ಯಾಹ್ನ ಊರಿನ ಇನ್ನೊಂದು ತುದಿಯ ಬೂನ್ ಲೇಗೆ ಹೋಗಿ ಟಿಕೆಟ್ ತೆಗೆದುಕೊಂಡು ಅದೇ ಸಿನಿಮಾವನ್ನು ಮತ್ತೆ ನೋಡಿದೆ. ಅಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ. ಕಾರ್ಖಾನೆಯ ಅರ್ಧ ದಿನದ ಪಾಳಿ ಮುಗಿಸಿ ಬಂದವರು, ಸಾಮಾನಿನ ಚೀಲ ಕಾಲ ಬಳಿ ಇಟ್ಟುಕೊಂಡವರು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವರು. ನಾನು ಸಪ್ಪೆ ಎಂದು ಗುರುತು ಹಾಕಿದ್ದ ಎರಡು ಕಡೆ ಜನ ನಕ್ಕರು. ನಾನು ನಕ್ಕಿದ್ದ ಕಡೆ ಸುಮ್ಮನಿದ್ದರು. ಮಧ್ಯದಲ್ಲಿ ಒಂದು ದೃಶ್ಯ ಬಂತು. ಮನೆ ತನ್ನದಾಗುವುದಿಲ್ಲ ಎಂದು ವಕೀಲರಿಂದ ಫೋನ್ ಬಂದ ಮೇಲೆ ನಾಯಕಿ ಒದ್ದೆಯಾದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ದೀಪಸ್ತಂಭದ ಮೆಟ್ಟಿಲು ಹತ್ತುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಅರ್ಧ ಹತ್ತಿ ಒಂದು ಮೆಟ್ಟಿಲ ಮೇಲೆ ಕೂತು, ಚಪ್ಪಲಿಯನ್ನು ಜೋಡಿಸಿ ಪಕ್ಕದಲ್ಲಿಡುತ್ತಾಳೆ. ಅಷ್ಟೇ. ನನ್ನ ಮುಂದಿನ ಸಾಲಿನ ಇಬ್ಬರು ಹೆಂಗಸರು ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿದ್ದರು. ಮೊದಲ ಸಲ ಈ ದೃಶ್ಯ ನೋಡಿದಾಗ ನಾನು ಚೌಕಟ್ಟು ಎಣಿಸುತ್ತಿದ್ದೆ. ಎದುರಿಗೆ ನೋಡಲು ಯಾರನ್ನೂ ಕೊಡದ ಸಿನಿಮಾದಲ್ಲಿ ಆಕೆ ಒಬ್ಬಳೇ ದುಡಿಯುತ್ತಿದ್ದಳು. ನಾನು ಆಕೆಯ ವಯಸ್ಸು ಎಣಿಸಿದ್ದೆ.

ಸಿನಿಮಾ ಮಾತ್ರ ಎರಡನೇ ಸಲಕ್ಕೂ ಕೆಟ್ಟದಾಗಿಯೇ ಇತ್ತು. ಅದನ್ನು ಬದಲಿಸುವ ಪ್ರಶ್ನೆ ಇರಲಿಲ್ಲ.

ಸೋಮವಾರ ಒಂದು ಸಣ್ಣ ಟಿಪ್ಪಣಿ ಬರೆದು ಲಿಮ್ ಅವರ ಮುಂದಿಟ್ಟೆ. ಓದಿ ಕನ್ನಡಕ ತೆಗೆದರು.

“ಯಾರೂ ಕಂಪ್ಲೇಂಟ್ ಮಾಡಿಲ್ಲ. ತಿದ್ದುಪಡಿ ಹಾಕೋದು ಹೆಸರು, ತಾರೀಖು ತಪ್ಪಾದರೆ. ಜೋಕಿಗೆ ಯಾರಾದರೂ ತಿದ್ದುಪಡಿ ಹಾಕ್ತಾರಾ?”

“ನಾನು ಹಾಕ್ತೀನಿ.”

“ಆ ಸಾಲನ್ನು ದೊಡ್ಡದು ಮಾಡಿ ಹಾಕಿಸಿದ್ದು ನಾನು. ನೀನು ತಪ್ಪಾಯ್ತು ಅಂದರೆ ನನ್ನದೂ ತಪ್ಪು ಅಂದಂತೆ.”

“ಹೌದು ಬಾಸ್.”

ಲಿಮ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಇಷ್ಟು ವರ್ಷದಲ್ಲಿ ನಾನು ಅವರ ತಪ್ಪು ಹಿಡಿದು ಎದುರು ನಿಂತದ್ದು ಅದೇ ಮೊದಲು. ಆದರೂ ಹೇಳಿದೆ: “ಪೋಸ್ಟರ್ ತೆಗೀರಿ ಅಂತ ಅವರಿಗೆ ಹೇಳೋಕೆ ನನಗೆ ಬಾಯಿ ಬೇಕು. ಇದನ್ನು ಹಾಕದೆ ಆ ಬಾಯಿ ಬರಲ್ಲ.”

ಎರಡು ದಿನ ಟಿಪ್ಪಣಿ ಅವರ ಮೇಜಿನ ಮೇಲೆಯೇ ಇತ್ತು. ಬುಧವಾರ ಮಧ್ಯಾಹ್ನ ಪುಟ ಕಟ್ಟುವಾಗ ಅದನ್ನು ತಾವೇ ತಂದು ಕೊಟ್ಟರು. ಕೊನೆಯಲ್ಲಿ ತಮ್ಮ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು: ‘ಆ ಸಾಲಿಗೆ ಹೆಚ್ಚಿನ ಮಹತ್ವ ಕೊಟ್ಟ ಸಂಪಾದಕರೂ ವಿಷಾದಿಸುತ್ತಾರೆ.’ ಗುರುವಾರ ಸಿನಿಮಾ ಪುಟದ ಕೆಳಗೆ ಅದು ಬಂತು. ನಾಯಕಿಯ ವಯಸ್ಸಿನ ಬಗ್ಗೆ ಬರೆದದ್ದು ಅನ್ಯಾಯ, ಅದನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಬರೆದಿದ್ದೆ. ಮೆಟ್ಟಿಲಿನ ದೃಶ್ಯವನ್ನು ನಾನು ಸರಿಯಾಗಿ ನೋಡಿರಲಿಲ್ಲ ಎಂದೂ ಬರೆದಿದ್ದೆ. ಎರಡು ನಕ್ಷತ್ರ ಹಾಗೇ ಇರುತ್ತದೆ ಎಂದಿದ್ದೆ. ಪೋಸ್ಟರಿನಲ್ಲಿರುವುದು ನನ್ನ ಅರ್ಧ ವಾಕ್ಯ, ಪೂರ್ತಿ ವಾಕ್ಯ ಇದು ಎಂದು ಅದನ್ನೂ ಕೊಟ್ಟಿದ್ದೆ. ನೆಟ್ಟಿನ ಬರಹದಿಂದ ಆ ಸಾಲನ್ನು ತೆಗೆಸಿ, ತೆಗೆದದ್ದು ಯಾಕೆಂದು ಕೆಳಗೆ ಹಾಕಿಸಿದೆ. ಅದೇ ದಿನ ಲಿಮ್ ತಮ್ಮ ಸಹಿ ಹಾಕಿ ವಿತರಕರಿಗೆ ಪತ್ರ ಕಳಿಸಿದರು.

ಶನಿವಾರದ ಹೊತ್ತಿಗೆ ಪಾಯಾ ಲೆಬಾರ್‌ನ ಪೋಸ್ಟರಿನ ಮೇಲೆ ಹೊಸ ಪಟ್ಟಿ ಅಂಟಿಸಿದ್ದರು. ನನ್ನ ಹೆಸರು ಹೋಗಿತ್ತು. ಬೂನ್ ಲೇಯಲ್ಲಿ ಮಾತ್ರ ಮರೆತರೋ ಬೇಕೆಂದೇ ಬಿಟ್ಟರೋ, ಸಿನಿಮಾ ಎತ್ತುವ ತನಕ ಹಾಗೇ ಇತ್ತು.

ಭಾನುವಾರ ಬೆಳಗ್ಗೆ ಕಮಲಾಕ್ಷಿ ಆಂಟಿ ಪೇಪರಿನ ಆ ತುಂಡನ್ನು ಹಿಡಿದುಕೊಂಡು ಮನೆಗೇ ಬಂದರು. ಮಗಳು ಕತ್ತರಿಸಿ ಕೊಟ್ಟಿದ್ದಳಂತೆ. ಕಾಫಿ ಕೊಟ್ಟೆ. ಲೋಟ ಕೈಯಲ್ಲೇ ಹಿಡಿದುಕೊಂಡು ಕೂತರು.

“ಒಂದು ವಿಷಯ ಹೇಳ್ಲಾ? ಆ ಮೆಟ್ಟಿಲಿನ ಸೀನ್‌ನಲ್ಲಿ ನಾನು ಅತ್ತುಬಿಟ್ಟೆ. ನಮ್ಮನೆಯವರನ್ನ ಮಲಗಿಸಿ ಬಂದು ನಾನೂ ಕೆಲವು ಸಲ ಹಾಗೇ ಅಡುಗೆಮನೆ ನೆಲದ ಮೇಲೆ ಕೂತ್ಕೋತೀನಿ.”

“ಅವತ್ತು ಕೆಳಗೆ ಸಿಕ್ಕಾಗ ಹೇಳಲಿಲ್ಲವಲ್ಲ ಆಂಟಿ?”

“ಸಿನಿಮಾ ಚೆನ್ನಾಗಿಲ್ಲ ಅಂತ ಬೈದು, ಆಮೇಲೆ ಇದನ್ನೂ ಹೇಳೋಣ ಅಂತಿದ್ದೆ. ನೀವು ಎರಡೇ ಸ್ಟಾರ್ ಅಂದ್ರಿ. ಆಮೇಲೆ ಮಗಳು ಫೋನಲ್ಲಿ ನಿಮ್ಮ ರಿವ್ಯೂ ಓದಿ ಹೇಳಿದ್ಳು, ಆ ದೀಪಸ್ತಂಭದ ಜೋಕು. ಶಾಲಿನಿಗೆ ನಗು ಬಂದಿದೆ, ನನಗೆ ಅಳು ಬಂತು, ನಾನೇ ಪೆದ್ದಿ ಅಂದ್ಕೊಂಡು ಸುಮ್ಮನಾದೆ.”

ಅವರ ಮೂರು ಗಂಟೆಯನ್ನು ಪೋಸ್ಟರು ಹಾಳು ಮಾಡಿತೆಂದು ನಾನು ಊರೆಲ್ಲ ಜಗಳವಾಡುತ್ತಿದ್ದೆ. ಆ ಮೂರು ಗಂಟೆಯಲ್ಲಿ ಅವರಿಗೆ ದಕ್ಕಿದ್ದ ಒಂದೇ ಒಂದು ಗಳಿಗೆಯನ್ನು ನನ್ನ ಸಾಲು ಕಸಿದುಕೊಂಡಿತ್ತು. “ಪೆದ್ದಿ ನಾನು, ಆಂಟಿ” ಎಂದೆ. ಅವರು ಕಾಫಿ ಕುಡಿದರು. ಹೋಗುವಾಗ ಪೇಪರಿನ ತುಂಡನ್ನು ಮಡಿಸಿ ಪರ್ಸಿಗೆ ಹಾಕಿಕೊಂಡರು.

ಲಿಮ್ ಹೇಳಿದಂತೆಯೇ ಆಯಿತು. ಆ ವಿತರಕರಿಂದ ಪ್ರಿವ್ಯೂ ಕರೆ ಬರುವುದು ನಿಂತಿತು. ಏಳು ತಿಂಗಳು ನಾನು ಅವರ ಸಿನಿಮಾಗಳನ್ನು ಬೂನ್ ಲೇಯಲ್ಲಿ ಗುರುವಾರದ ಮೊದಲ ಆಟಕ್ಕೆ ಹೋಗಿ ನೋಡಿದೆ. ಮುಗಿದ ಕೂಡಲೆ ಪಕ್ಕದ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕೂತು ಅಲ್ಲೇ ಬರೆದು ಕಳಿಸುತ್ತಿದ್ದೆ. ನನ್ನ ವಿಮರ್ಶೆ ಬೇರೆಯವರಿಗಿಂತ ಒಂದು ದಿನ ತಡವಾಗಿ ಬರುತ್ತಿತ್ತು. ಕಚೇರಿಯಲ್ಲಿ ಕೆಲವರು ಗೊಣಗಿದರು. ತಡವಾದದ್ದಕ್ಕೆ ಓದುಗರು ಯಾರೂ ನನ್ನನ್ನು ಬಿಟ್ಟುಹೋದಂತೆ ಕಾಣಲಿಲ್ಲ. ಜನರ ನಡುವೆ ಕೂತು ನೋಡುವಾಗ ನನ್ನ ಜಾಣತನಕ್ಕೆ ಸ್ವಲ್ಪ ಮೂಗುದಾರ ಬೀಳುತ್ತಿತ್ತು. ಜನ ನಕ್ಕಿದ್ದೆಲ್ಲ ಒಳ್ಳೆಯದೆಂದು ನಾನು ಬರೆಯಲಿಲ್ಲ. ಯಾಕೆ ನಕ್ಕರು ಎಂದು ಯೋಚಿಸದೆ ಬರೆಯುವುದನ್ನು ಮಾತ್ರ ಬಿಟ್ಟೆ.

ಎಂಟನೇ ತಿಂಗಳು ಪ್ರಿಸಿಲ್ಲಾಳೇ ಫೋನ್ ಮಾಡಿದಳು. “ಮಂಗಳವಾರ, ಬೆಳಗ್ಗೆ ಹತ್ತಕ್ಕೆ ಒಂದು ಪ್ರಿವ್ಯೂ ಇದೆ. ಬರ್ತೀರಾ?”

“ಬರ್ತೀನಿ. ಆದರೆ ಗುರುವಾರ ಟಿಕೆಟ್ ತಗೊಂಡು ಇನ್ನೊಂದು ಸಲ ನೋಡ್ತೀನಿ. ಆಮೇಲೇ ಬರೆಯೋದು.”

“ಬೇರೆಯವರು ನಿಮಗಿಂತ ಮೊದಲೇ ಹಾಕಿಬಿಡ್ತಾರೆ.”

“ಹಾಕಲಿ.”

ಆ ಕಡೆಯಿಂದ ಸ್ವಲ್ಪ ನಗು ಕೇಳಿಸಿತು. “ನಿಮ್ಮ ಸಾಲು ಪೋಸ್ಟರಿಗೆ ಬೇಕಾದರೆ?”

“ಮೊದಲಿಂದ ಕೊನೆಯವರೆಗೆ ಹಾಕಿ. ಜಾಗ ಸಾಲದಿದ್ದರೆ ಬೇಡ.”

ನಿವೃತ್ತಿಯಾಗುವ ದಿನದವರೆಗೂ ಪ್ರತಿ ಸಿನಿಮಾವನ್ನೂ ಎರಡು ಸಲ ನೋಡಿ ಬರೆದೆ. ನನ್ನ ಹೆಸರು ಮತ್ತೆ ಯಾವ ಪೋಸ್ಟರಿನ ಮೇಲೂ ಬರಲಿಲ್ಲ.